ಯಾರೂ ನಲ್ಲಿ ತಿರುಗಿಸದೆ ಓಡಿದ ಪಂಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರಂತಸ್ತಿನ ಕಟ್ಟಡದ ತಾರಸಿಯಲ್ಲಿ, ಟ್ಯಾಂಕಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ ಹೆಂಗಸೊಬ್ಬರು ಪುಟ್ಟ ಪಂಪೊಂದಕ್ಕೆ ಕಿವಿಗೊಟ್ಟಿದ್ದಾರೆ. ಬಡಾವಣೆಗೆಲ್ಲ ಇವರು ಮೋಟಾರಕ್ಕ. ಪಂಪು ಗೊರ್ರೆಂದು ಓಡಿ ನಿಲ್ಲುತ್ತದೆ. ತುಸು ಹೊತ್ತಿಗೆ ಮತ್ತೆ ಗೊರ್ರೆನ್ನುತ್ತದೆ.

"ಕೆಳಗೆ ಯಾರಾದ್ರೂ ನಲ್ಲಿ ಬಿಟ್ಟಿದ್ದೀರಾ?"

"ಇಲ್ಲಕ್ಕ, ಇನ್ನೂ ಯಾರೂ ಬಚ್ಚಲಿಗೇ ಹೋಗಿಲ್ಲ," ಎನ್ನುತ್ತದೆ ಮೆಟ್ಟಿಲಿನಿಂದ ಆ ಮನೆಯ ಸೊಸೆಯ ದನಿ.

ಟ್ಯಾಂಕು ನೆತ್ತಿಯ ಮೇಲೇ ಇದ್ದರೂ ಮೇಲಿನ ಮಹಡಿಯಲ್ಲಿ ನೀರು ನೂಲಿನಂತೆ ಬೀಳುತ್ತದೆ. ರಭಸ ಬರಲು ಎತ್ತರ ಸಾಲದು. ಅದಕ್ಕೇ ಈ ಪಂಪು. ನಲ್ಲಿ ಬಿಟ್ಟರೆ ತಾನಾಗಿ ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಅದು ಬಂದ ಮೇಲೆ ಕರೆಂಟ್ ಬಿಲ್ಲು ಒಂದೂವರೆ ಪಟ್ಟಾಗಿದೆ. ಮನೆಯ ಮಗ ಅದನ್ನು ತನ್ನ ತಾಯಿಯ ಸ್ನಾನದ ತಲೆಗೆ ಕಟ್ಟಿದ್ದಾನೆ. ತಾಯಿ ಸ್ನಾನ ಬಿಟ್ಟು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳತೊಡಗಿದ್ದಾರೆ.

ಮೋಟಾರಕ್ಕ ಕೆಳಗಿಳಿದು ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತುತ್ತಾರೆ. ಒಳಗಿನ ರಬ್ಬರು ಸವೆದು ಸದ್ದಿಲ್ಲದೆ ನೀರು ಸೋರುತ್ತಿದೆ. ಯಾರೋ ನಲ್ಲಿ ಬಿಟ್ಟರೆಂದೇ ಬಗೆದು ಪಂಪು ಹಗಲೂ ರಾತ್ರಿ ಓಡಿದೆ.

"ಅಮ್ಮಂದು ಏನೂ ಇಲ್ಲ ಕಣಪ್ಪ. ಸ್ನಾನಕ್ಕೆ ಮಹಾ ಎಷ್ಟು ಕರೆಂಟು ಹೋಗುತ್ತೆ? ತಿಂದಿದ್ದೆಲ್ಲ ಈ ರಬ್ಬರು."

ಮಗ ತಲೆ ಕೆರೆದುಕೊಳ್ಳುತ್ತಾನೆ. ಆಮೇಲೆ ತಾಯಿಯ ಕೋಣೆಯ ಬಾಗಿಲಲ್ಲಿ ನಿಂತು, "ಅಮ್ಮ, ಸ್ನಾನ ಮಾಡ್ಕೋ ಹೋಗು," ಎನ್ನುತ್ತಾನೆ.

"ಬಿಲ್ಲು?"

"ಅದು ನಿನ್ನಿಂದ ಬಂದಿದ್ದಲ್ಲಮ್ಮ."

ಈ ಕಸುಬು ಮೋಟಾರಕ್ಕನಿಗೆ ಗಂಡನಿಂದ ಬಂದದ್ದು. ಒದ್ದೆ ತಾರಸಿಯಲ್ಲಿ ಕರೆಂಟು ಹೊಡೆದು ಗಂಡನ ಎರಡೂ ಕೈಗಳ ಹಿಡಿತ ಹೋಗಿದೆ. ಅವರ ಹಿಂದೆ ಸ್ಪ್ಯಾನರ್ ಹಿಡಿದು ನಡೆಯುತ್ತಿದ್ದ ಮೋಟಾರಕ್ಕ ಈಗ ಒಬ್ಬರೇ ದಿನಕ್ಕೆ ಐದಾರು ಮನೆಯ ಏಣಿ ಹತ್ತುತ್ತಾರೆ.

"ಮೊದಮೊದಲು ಬಾಗಿಲು ತೆಗೆದವರು ಗಂಡಸು ಎಲ್ಲಿ ಅಂತ ನನ್ನ ಹಿಂದೆ ನೋಡೋರು. ‘ಮೆಟ್ಟಿಲು ಹತ್ತುತ್ತಾ ಇದ್ದಾನೆ, ಅಷ್ಟರಲ್ಲಿ ನಾನು ಕೆಲಸ ಮುಗಿಸ್ತೀನಿ’ ಅಂತಿದ್ದೆ."

ಪಂಪು ಬೇಕೆಂದು ಕರೆದವರಲ್ಲಿ ಅರ್ಧ ಜನಕ್ಕೆ ಪಂಪೇ ಬೇಕಿರುವುದಿಲ್ಲ. ಮೋಟಾರಕ್ಕ ನಲ್ಲಿಯ ಬಾಯಿಗೆ ಕಟ್ಟಿದ ಮಣ್ಣು ತೊಳೆದುಕೊಟ್ಟು ಬರುತ್ತಾರೆ. "ಹೀಗೇ ನಲ್ಲಿ ತೊಳೀತಿರು, ನಮ್ಮಂಗಡೀಲಿ ಮಾರೋಕಿಟ್ಟ ಪಂಪು ಧೂಳು ತಿನ್ಲಿ" ಎಂದು ಗಂಡ ಗೊಣಗುವುದುಂಟು.

ಅವರದೇ ಮನೆಯಲ್ಲಿ ಟ್ಯಾಂಕೂ ಇಲ್ಲ, ಪಂಪೂ ಇಲ್ಲ. ಬೀದಿಯ ಕೊಳಾಯಿಯ ಸಣ್ಣ ನೀರೇ ಬಕೆಟ್ಟಿಗೆ ಬೀಳಬೇಕು. ನಿಮಗೇನು ಆಸೆ ಎಂದರೆ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಗಂಡನ ಮಾತೆತ್ತುತ್ತಾರೆ.

"ಚೊಂಬು ಹಿಡಿಯೋಕಾಗಲ್ಲ ನೋಡಿ ಅವರಿಗೆ. ದಿನಾ ನಾನೇ ನೀರು ಹುಯ್ಯೋದು. ಬಾಯಿ ಬಿಟ್ಟು ಹೇಳಲ್ಲ, ಮುಖ ಗೋಡೆ ಕಡೆ ಮಾಡ್ಕೋತಾರೆ. ಹಳೇದೊಂದು ಪಂಪು ರಿಪೇರಿ ಮಾಡಿ ಇಟ್ಟಿದ್ದೀನಿ. ಟ್ಯಾಂಕಿಗೊಂದು ಕಟ್ಟೆ ಆಗ್ಬೇಕು, ಒಂದು ಶವರ್ ಹಾಕ್ಬೇಕು. ಆಮೇಲೆ ಬಾಗಿಲು ಹಾಕ್ಕೊಂಡು ಒಬ್ಬರೇ ಸ್ನಾನ ಮಾಡ್ಲಿ, ಎಷ್ಟು ಹೊತ್ತಾದ್ರೂ."