ನತ್ತಿನ ಎರಡನೆಯ ಮುತ್ತು

ಮುತ್ತು ಕೊಳ್ಳುವಾಗ ಹೊಳಪಿಗಿಂತ ಮೊದಲು ತೂತು ನೋಡಿ. ತೂತು ಹಾಕದ ಮುತ್ತು ಅಗ್ಗಕ್ಕೆ ಬಂದರೆ ಕೈ ಹಿಂದೆ ತೆಗೆಯಿರಿ. ಇಷ್ಟು ಕಲಿಯುವುದರೊಳಗೆ ನನ್ನ ಮದುವೆಯೇ ಮುರಿಯುವುದರಲ್ಲಿತ್ತು.

ಹುಬ್ಬಳ್ಳಿಯ ಸಂತೆಯಲ್ಲಿ ಗಾಜಿನ ಮಣಿ ಮಾರುತ್ತ ಮೇಲೆ ಬಂದವನು ನಾನು. ಜಪಾನಿನ ಮುತ್ತು ಮುಂಬಯಿ ಪೇಟೆಗೆ ಬರತೊಡಗಿದ ದಿನಗಳಲ್ಲಿ ಧಾರವಾಡದ ಹುಡುಗಿಯೊಬ್ಬಳನ್ನು ನನಗೆ ಗೊತ್ತುಮಾಡಿದರು. ಆಕೆಯ ತಾಯಿ ಒಂದು ಕರಾರು ಹಾಕಿದರು. ಮನೆತನದ ಹಳೆಯ ನತ್ತಿನ ಜೋಡಿ ಮುತ್ತಿನಲ್ಲಿ ಒಂದು ಕಳೆದಿತ್ತು. ಉಳಿದದ್ದಕ್ಕೆ ಸರಿಹೊಂದುವ ಸಮುದ್ರದ ಮುತ್ತನ್ನು ನಾನೇ ತರಬೇಕು.

ಬಣ್ಣ, ಗಾತ್ರ, ದುಂಡು ಮೂರೂ ಕೂಡಿಬರುವುದು ಸುಲಭವಲ್ಲ. ಮುಂಬಯಿಯಲ್ಲಿ ಮೂರು ದಿನ ಅಲೆದ ಮೇಲೆ ಒಂದು ಸಿಕ್ಕಿತು, ಅದೂ ಅರ್ಧ ಬೆಲೆಗೆ. ಇನ್ನೂ ತೂತು ಹಾಕಿರಲಿಲ್ಲ. ನಮ್ಮ ಕಸುಬಿನವರ ಪದ್ಧತಿಯಂತೆ ಮುಂದಿನ ಹಲ್ಲಿಗೆ ತಿಕ್ಕಿದೆ. ಗಾಜಾಗಿದ್ದರೆ ಜಾರುತ್ತಿತ್ತು, ಇದು ಮರಳಿನಂತೆ ಗರಗರ ಎಂದಿತು. ನನ್ನ ಚೌಕಾಸಿಯನ್ನು ನಾನೇ ಮೆಚ್ಚಿಕೊಂಡು ರೈಲು ಹತ್ತಿದೆ.

ಹುಬ್ಬಳ್ಳಿಯಲ್ಲಿ ಮುತ್ತಿಗೆ ತೂತು ಹಾಕುವ ಮುದುಕರೊಬ್ಬರಿದ್ದರು. ಚಾಚಾ ಎನ್ನುತ್ತಿದ್ದೆ, ಈ ಕಸುಬನ್ನು ನನಗೆ ಕಲಿಸಿದವರೇ ಅವರು. ನಾನು ಕೊಟ್ಟ ಮುತ್ತಿಗೆ ಬೈರಿಗೆ ತಿರುಗಿಸುತ್ತಿದ್ದ ಅವರ ಕೈ ನಡುವೆ ನಿಂತಿತು. ತೂತನ್ನು ಬೆಳಕಿಗೆ ಹಿಡಿದು ನೋಡಿದರು.

"ಹಲ್ಲಿಗೆ ತಿಕ್ಕಿ ನೋಡಿದ್ದೇನು, ಬೇಟಾ?"

"ತಿಕ್ಕೀನ್ರಿ ಚಾಚಾ. ಗರಗರ ಅಂತು."

"ಅನ್ನೂದ. ಮ್ಯಾಲಿನ ಪದರ ಖರೇ ಮುತ್ತಿಂದ ಐತಿ. ಒಳಗ ನೋಡು, ಚಿಪ್ಪಿನ ಗುಂಡ ಕುಂತೈತಿ. ಸಮುದ್ರದ್ದಲ್ಲ ಇದು, ಜಪಾನಿನ ಕೆರ್ಯಾಗ ಮಂದಿ ಬೆಳಸಿದ್ದು."

ತೆಳು ಪದರದ ಕೆಳಗೆ ಕಪ್ಪು ಗೆರೆ ಕಂಡಿತು. ಸಿಹಿನೀರಿನ ಜೀವಂತ ಚಿಪ್ಪನ್ನು ತುಸುವೇ ತೆರೆದು, ಇನ್ನೊಂದು ಚಿಪ್ಪಿನ ಮಾಂಸದ ಚೂರಿನೊಡನೆ ಗುಂಡನ್ನಿಟ್ಟು, ಮತ್ತೆ ಕೆರೆಗೆ ಬಿಡುತ್ತಾರಂತೆ. ಮೂರು ವರ್ಷ ಕಾಯಬೇಕು. ಎಷ್ಟೋ ಚಿಪ್ಪು ಸಾಯುತ್ತವೆ, ಎಷ್ಟೋ ಗುಂಡನ್ನು ಉಗುಳುತ್ತವೆ, ಉಳಿದವುಗಳಲ್ಲಿ ಹೆಚ್ಚಿನವು ಸೊಟ್ಟ.

"ಹಿಂಗ ದುಂಡಗ ಬರೂದು ಅಪರೂಪ," ಎಂದರು ಚಾಚಾ. "ತಾನಾಗೇ ಹುಟ್ಟೂದು ಇನ್ನೂ ಅಪರೂಪ. ಹೋಗಿ ಖರೇ ಹೇಳು. ಮದಿವ್ಯಾದ ಮ್ಯಾಲ ಗೊತ್ತಾತಂದ್ರ ತಿಕ್ಕಾಕ ನಿನಗ ಹಲ್ಲೂ ಉಳಿಯಂಗಿಲ್ಲ."

ಮರುದಿನ ಧಾರವಾಡಕ್ಕೆ ಹೋಗಿ ಎಲ್ಲ ಹೇಳಿದೆ. ಹುಡುಗಿಯ ತಾಯಿ ಎರಡೂ ಮುತ್ತುಗಳನ್ನು ಅಂಗೈಯಲ್ಲಿ ಹೊರಳಿಸಿದರು, ಹಲ್ಲಿಗೆ ತಿಕ್ಕಿದರು.

"ಮುತ್ತ ಗೊತ್ತಾಗದ ವ್ಯಾಪಾರಿಗೆ ಮಗಳನ್ನ ಹೆಂಗ ಕೊಡ್ಲಿ, ನೀವ ಹೇಳ್ರಿ."

ಅಡಿಗೆಮನೆಯ ಬಾಗಿಲ ಹಿಂದಿನಿಂದ ಹುಡುಗಿಯ ಧ್ವನಿ ಬಂತು: "ಅವ್ವಾ, ಬಂದು ಖರೇ ಹೇಳ್ಯಾರಲ್ಲ. ಇದ ಇರಲಿ. ಮುತ್ತಿನಾಗ ಉಳದ ರೊಕ್ಕದಾಗ ನನಗ ಹೊಲಿಗಿ ಮಷೀನ ಕೊಡಸ್ಲಿ ಅನ್ನು."

"ಮಷೀನ ಅಂದ್ರ ಉಳದದ್ದಕ್ಕಿಂತ ಜಾಸ್ತಿ ಅಕ್ಕೈತ್ರಿ," ಎಂದೆ. ಹಾಳು ಅಭ್ಯಾಸ, ಬಾಯಿ ತಡೆಯಲಿಲ್ಲ.

"ಹಂಗಾರ ಸಮುದ್ರದ್ದ ತರ್ಲಿ," ಎಂದಿತು ಒಳಗಿನ ಧ್ವನಿ.

ತಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟರು. ಮುಂಬಯಿಯ ದಲಾಲರಿಗೆ ಸೋಲದವನು ನಾನು, ಮಷೀನಿಗೆ ಒಪ್ಪಿದೆ.

ಆ ಮಷೀನು ಇವತ್ತಿಗೂ ನಮ್ಮ ಪಡಸಾಲೆಯಲ್ಲಿ ಓಡುತ್ತಿದೆ. ಹಬ್ಬದ ದಿನ ಆಕೆ ನತ್ತು ಹಾಕಿಕೊಂಡಾಗ, ಎರಡರಲ್ಲಿ ಕೆರೆಯದು ಯಾವುದೆಂದು ಕೇಳುತ್ತೇನೆ. "ವ್ಯಾಪಾರಿ ನೀವು, ನೀವ ಹೇಳ್ರಿ," ಎನ್ನುತ್ತಾಳೆ. ತೂತುಗಳ ತುಂಬ ಬಂಗಾರದ ತಂತಿ ಕೂತಿದೆ. ಹತ್ತಿರ ಬಗ್ಗಿ ನೋಡುತ್ತೇನೆ, ಗೊತ್ತಾಗುವುದಿಲ್ಲ.