ಬಲಗೈಯ ನಿಂಬೆಹಣ್ಣು

ಎಂಬತ್ತರ ದಶಕದಲ್ಲಿ ರೆಡ್‌ವುಡ್ ಸಿಟಿಯ ನಮ್ಮ ಪಕ್ಕದ ಮನೆಯವನು ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಪಿಚರ್ ಆಗಿದ್ದವನು. ಎಸೆದೆಸೆದು ಬಲಭುಜ ಕೆಟ್ಟು, ಆಡಿದ್ದಕ್ಕಿಂತ ಆಪರೇಷನ್ನು ಮಾಡಿಸಿಕೊಂಡು ಬೆಂಚಿನಲ್ಲಿ ಕೂತಿದ್ದೇ ಹೆಚ್ಚು. ನೋವಿದೆಯಾ ಎಂದರೆ ನಗುತ್ತ "ನಾಟ್ ಟುಡೇ" ಎನ್ನುತ್ತಿದ್ದ.

ಒಂದು ಭಾನುವಾರ ತನ್ನ ಗಿಡದ ನಿಂಬೆಹಣ್ಣನ್ನು ಬೇಲಿಯ ಮೇಲಿಂದ ಎಡಗೈಯಲ್ಲಿ ಚಾಚಿದ. ಮೈಸೂರಿನಿಂದ ಬಂದಿದ್ದ ನನ್ನಮ್ಮ ಮುಟ್ಟಲಿಲ್ಲ.

"ಎಡಗೈಲಿ ಕೊಡ್ತಾನಲ್ಲೋ!"

ಏನಂತೆ ಎಂದು ಕೇಳಿದ. ಮುಜುಗರಪಡುತ್ತಲೇ ಹೇಳಿದೆ. "ಓಹ್!" ಎಂದವನೇ ಹಣ್ಣನ್ನು ಬಲಗೈಗೆ ದಾಟಿಸಿ, ಮೇಲೇಳದ ಆ ತೋಳನ್ನು ಎಡಗೈಯಿಂದ ಮೊಣಕೈ ಹಿಡಿದು ಎತ್ತಿ, ಮೆಲ್ಲಗೆ ಮುಂದೆ ಚಾಚಿದ. ನಮ್ಮಲ್ಲಿ ಹಿರಿಯರಿಗೆ ಕೊಡುವುದೂ ಥೇಟ್ ಹಾಗೆಯೇ.

ಅಮ್ಮ ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಮೊಣಕೈ ಮುಟ್ಕೊಂಡು ಕೊಡ್ತಾನೆ ನೋಡೋ! ಇಷ್ಟು ಮರ್ಯಾದೆ ಯಾರು ಕಲಿಸಿದ್ರೋ ಇವನಿಗೆ?"