ಹನ್ನೆರಡೂವರೆ ಪಾಲು ಗಾಳಿ

ಬಿಜ್ಜರಗಿ ಕಡೆಯ ಬಯಲಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತಿಕೋಟಾ ದಾಟಿದ ಮೇಲೆ ಸಿಗುವ ಒಂದು ಲೇಔಟಿನ ಗೇಟಿನೊಳಗೆ ನೀಲಿ ಕಾರೊಂದು ಗುರುಗುಡುತ್ತಾ ನಿಂತಿದೆ. ಡಾಂಬರು ಹಾಕಿ, ದೀಪದ ಕಂಬ ನೆಟ್ಟು, ನಗರದ ಹೆಸರನ್ನೂ ಇಟ್ಟಾಗಿದೆ. ಮನೆ ಮಾತ್ರ ಒಂದೂ ಎದ್ದಿಲ್ಲ. ನಡುವಿನ ರಸ್ತೆ ಗೆರೆ ಎಳೆದಷ್ಟು ನೇರ. ಮಾಲೀಕರ ಒಪ್ಪಿಗೆ ಪಡೆದು, ಗೇಟಿಗೆ ಅಡ್ಡ ಹಗ್ಗ ಕಟ್ಟಿ, ವಿಜಯಪುರದ ಮೆಕ್ಯಾನಿಕ್ ತರನ್ನುಮ ಕಾರಿನ ಬಾಗಿಲೆಳೆದುಕೊಂಡು ಕೂರುತ್ತಾರೆ. ಕೂರುವುದು ಸ್ಟಿಯರಿಂಗ್ ಮುಂದಲ್ಲ, ಪಕ್ಕದ ಸೀಟಿನಲ್ಲಿ. ತೊಡೆಯ ಮೇಲೆ ಲ್ಯಾಪ್‌ಟಾಪ್, ಕಿವಿಗೆ ಎಂಜಿನ್ನಿನ ಒಳಸದ್ದು ಕೇಳಿಸುವ ಹೆಡ್‌ಫೋನ್, ಎದುರಿಗೆ ಅಂಗೈಯಗಲದ ಒಂದು ಮೀಟರು.

ಕಾರಿನಲ್ಲಿ ಎರಡೇ ಸೀಟು. ಉಳಿದದ್ದನ್ನೆಲ್ಲ ಭಾರವೆಂದು ಕಿತ್ತು ಹಾಕಿದ್ದಾರೆ. ತರನ್ನುಮರ ಕೆಲಸ ನೋಡಿ ಬರೆಯಲು ಬಂದ ನಾನು, ಬದುಕಿದೆಯಾ ಬಡಜೀವವೇ ಎಂದುಕೊಂಡು ಅರ್ಧ ದಾರಿಯ ಬೇವಿನ ಮರದ ಕೆಳಗೆ, ಕುರಿ ಕಾಯುವ ಅಮೋಘಿಯವರ ಪಕ್ಕದಲ್ಲಿ ನಿಂತಿದ್ದೇನೆ. ಅಡ್ಡರಸ್ತೆಯಿಂದ ಆಡು ಕುರಿ ನುಗ್ಗದಂತೆ ನೋಡಿಕೊಳ್ಳುವುದು ಅವರ ಕೆಲಸ. ಕಂಬಳಿ ಹೆಗಲ ಮೇಲಿದ್ದರೆ ದಾರಿ ಖುಲ್ಲಾ. ಎತ್ತಿ ಹಿಡಿದರೆ ಕಾರು ನಿಲ್ಲಬೇಕು. ತರನ್ನುಮ ಬಗ್ಗೆ ಅವರದು ಒಂದೇ ದೂರು. "ಎಷ್ಟ ಸಲ ಕೈ ಎತ್ತೀನ್ರಿ, ಒಮ್ಮೆರೆ ಈ ಕಡೆ ನೋಡ್ಯಾಳೇನ್ರಿ? ಮಾರಿ ಮ್ಯಾಲ ಎತ್ತೂದಿಲ್ಲ."

ಎತ್ತುವ ಹಾಗಿಲ್ಲ. ಓಟದ ಕಾರಿನ ಎಂಜಿನ್ ಪೂರಾ ಜೋರಿನಲ್ಲಿದ್ದಾಗ ಒಂದು ಪಾಲು ಪೆಟ್ರೋಲಿಗೆ ಸುಮಾರು ಹನ್ನೆರಡೂವರೆ ಪಾಲು ಗಾಳಿ ಬೇಕು, ತೂಕದ ಲೆಕ್ಕದಲ್ಲಿ. ಪೆಟ್ರೋಲು ಹೆಚ್ಚಾದರೆ ಎಂಜಿನ್ ಮಸಿ ಕಾರಿ ಮೈಗಳ್ಳತನ ಮಾಡುತ್ತದೆ. ಅದನ್ನು ಸಹಿಸಬಹುದು. ಗಾಳಿ ಹೆಚ್ಚಾದರೆ ಒಳಗಿನ ಬೆಂಕಿ ತಾಳಲಾರದಷ್ಟಾಗಿ, ನೋಡನೋಡುತ್ತಿದ್ದಂತೆ ಪಿಸ್ಟನ್ ಕರಗಿ ತೂತು ಬೀಳುತ್ತದೆ. ಆ ಹದವನ್ನು ಓಡುವ ಕಾರಿನಲ್ಲೇ ಕೂತು ಓದುವುದು, ತಪ್ಪಿದ್ದರೆ ತಿದ್ದುವುದು, ಇಷ್ಟೇ ತರನ್ನುಮರ ಕೆಲಸ.

ಇವತ್ತು ಈ ಕೆಲಸಕ್ಕೆ ಗಡುವಿದೆ. ಕಾರು ಕಳ್ಳಕವಟಗಿಯ ದ್ರಾಕ್ಷಿ ಬೆಳೆಗಾರ ಸಿದ್ದಲಿಂಗೇಶ ಅವರದು. ತಮಿಳುನಾಡಿನ ಟ್ರ್ಯಾಕಿನಲ್ಲಿ ಅವರ ಮೊದಲ ಓಟ. ಕಾರು ಒಯ್ಯುವ ಲಾರಿ ಬಬಲೇಶ್ವರ ಬಿಟ್ಟಾಗಿದೆ. ಇರುವುದು ಒಂದೇ ಎಂಜಿನ್, ಅದು ಹೋದರೆ ಓಟವೂ ಹೋಯಿತು. ತರನ್ನುಮ 'ಹೂಂ' ಅಂದರೆ ಮಾತ್ರ ಕಾರು ಲಾರಿ ಹತ್ತುತ್ತದೆ.

ಕಾರು ಬರುತ್ತದೆ. ಮೊದಲು ಕಾಲಿನಡಿಯ ನೆಲ ನಡುಗುತ್ತದೆ, ಆಮೇಲೆ ಸದ್ದು. ಸಿದ್ದಲಿಂಗೇಶರ ಕಣ್ಣು ರಸ್ತೆಯ ಮೇಲಿದೆ, ತರನ್ನುಮರ ತಲೆ ಬಾಗಿಯೇ ಇದೆ. ನಮ್ಮನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸದ್ದು ಗಕ್ಕನೆ ಇಳಿದುಬಿಡುತ್ತದೆ. ಅಮೋಘಿ ಬಾಯಲ್ಲಿದ್ದ ಬೇವಿನ ಕಡ್ಡಿ ತೆಗೆದು ನನ್ನ ಮುಖ ನೋಡುತ್ತಾರೆ. ಕಾರು ಮೆಲ್ಲಗೆ ತಿರುಗಿ ಗೇಟಿನತ್ತ ಹೋಗುತ್ತದೆ, ನಾನೂ ಹಿಂದೆಯೇ ಓಡುತ್ತೇನೆ.

"ಹದಿನಾಲ್ಕಕ್ಕ ಏರಿತ್ರಿ," ತರನ್ನುಮ ಲ್ಯಾಪ್‌ಟಾಪ್ ನನ್ನತ್ತ ತಿರುಗಿಸುತ್ತಾರೆ. ಸಪಾಟಾಗಿ ಹೋಗುತ್ತಿದ್ದ ಗೆರೆಯೊಂದು ಕೊನೆಯಲ್ಲಿ ಹೆಡೆ ಎತ್ತಿದೆ. "ಕಿವ್ಯಾಗ ಜ್ವಾಳದ ಅಳ್ಳು ಹುರಿದಂಗ ಸಪ್ಪಳಾತು. ಕಾಲ ತೆಗಿ ತಮ್ಮಾ ಅಂದೆ. ಇನ್ನೊಂದ ಚೂರ ತಡಾ ಆಗಿದ್ರ ಎಂಜಿನ್ ಇರತಿರಲಿಲ್ಲ." ಬಿಸಿ ಆರುವುದಕ್ಕೂ ಬಿಡದೆ ಸ್ಪಾರ್ಕ್ ಪ್ಲಗ್ ಬಿಚ್ಚುತ್ತಾರೆ. ಅದರ ತುದಿ ಸುಣ್ಣ ಬಳಿದಂತೆ ಬೆಳ್ಳಗಿದೆ, ಒಳಗೆ ಬೆಂಕಿ ಮಿತಿಮೀರಿದ್ದರ ಗುರುತು. ಹೋದ ವಾರ ಇದೇ ರಸ್ತೆಯಲ್ಲಿ ಇದೇ ಎಂಜಿನ್ ಹನ್ನೆರಡೂವರೆಗೆ ಕದಲದೆ ನಿಂತಿತ್ತು.

ಸಿದ್ದಲಿಂಗೇಶರ ಫೋನು ಬಡಿದುಕೊಳ್ಳುತ್ತದೆ. ಲಾರಿಯವನು. ಒಂದಿಷ್ಟು ಪೆಟ್ರೋಲು ಹೆಚ್ಚಿಗೆ ಕೊಟ್ಟರೆ ಮುಗಿಯಿತಲ್ಲ, ಲ್ಯಾಪ್‌ಟಾಪಿನಲ್ಲಿ ಒಂದು ಒತ್ತು ಒತ್ತಿದರೆ ಸಾಕಲ್ಲ ಎಂದು ಸಿದ್ದಲಿಂಗೇಶ ಕೇಳುತ್ತಾರೆ. ತಪ್ಪು ಮಾತಲ್ಲ, ಮೀಟರು ಆಗ ಹನ್ನೆರಡೂವರೆ ಎಂದೇ ತೋರಿಸುತ್ತದೆ. ತರನ್ನುಮರ ಬೆರಳು ಕೀಲಿಮಣೆಯ ಮೇಲೆ ಹೋಗಿ, ಅಲ್ಲೇ ನಿಂತು, ಹಿಂದೆ ಬರುತ್ತದೆ.

ಆ ಬೆರಳು ಹಿಂದೆ ಬರಲು ಒಂದು ಕಾರಣವಿದೆ. ವಿಜಯಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ತರನ್ನುಮರ ತಂದೆ ಅಬ್ದುಲಸಮದ ಅವರದು ಕಾರ್ಬ್ಯುರೇಟರ್ ರಿಪೇರಿ ಅಂಗಡಿ. ಮಗಳು ಡಿಪ್ಲೊಮಾ ಓದಿದರೂ ಹದ ಕಲಿತದ್ದು ಅಪ್ಪನ ಪಕ್ಕದ ಮಣೆಯ ಮೇಲೆ. ಅಂಗಡಿ ಕೈಗೆ ಬಂದ ಹೊಸತರಲ್ಲಿ ಸೊಲ್ಲಾಪುರದ ಒಂದು ಓಟದ ಕಾರು ಹೀಗೆಯೇ ಗಾಳಿ ಹೆಚ್ಚು ತೋರಿಸಿತ್ತು. ಇವರು ಪೆಟ್ರೋಲು ಏರಿಸಿ ಕಳಿಸಿದರು. ನಿಜವಾಗಿ ಸೋತಿದ್ದದ್ದು ಪೆಟ್ರೋಲ್ ಪಂಪು. ಟ್ರ್ಯಾಕಿನಲ್ಲಿ ಅದು ಇನ್ನಷ್ಟು ಸೋತಿತು, ಪಿಸ್ಟನ್ ತೂತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂಥ ಕೆಲಸ. ಹೆಣ್ಣುಮಗಳ ಕೈಗೆ ಎಂಜಿನ್ ಕೊಟ್ಟರೆ ಇನ್ನೇನಾಗುತ್ತದೆ ಎಂದು ಚೌಕದ ತುಂಬ ಮಾತು. ಬಹಳ ದಿನ ಅಂಗಡಿಗೆ ಕಾರೇ ಬರಲಿಲ್ಲ. ಸ್ಕೂಟರುಗಳೇ ಅನ್ನ ಹಾಕಿದವು. ಇದನ್ನು ಹೇಳುವಾಗ ತರನ್ನುಮ ದನಿ ತಗ್ಗಿಸುವುದಿಲ್ಲ, ಅದು ನನಗೆ ಹಿಡಿಸುತ್ತದೆ.

"ಪೆಟ್ರೋಲ್ ಏರ್ಸೂದು ಕಡೀ ಕೆಲಸ್ರಿ," ಅನ್ನುತ್ತಾರೆ. "ಹ್ವಾದ ವಾರ ಇದ್ದದ್ದ ಈ ವಾರ ಯಾಕಿಲ್ಲ, ಮೊದಲ ಅದನ್ನ ಕೇಳಬೇಕು."

ಹುಡುಕಾಟ ಶುರು. ಪಂಪಿನ ಒತ್ತಡ ಸರಿಯಿದೆ. ಸೈಲೆನ್ಸರಿನ ಕೊಳವೆಯ ಬೆಸುಗೆ ಎಲ್ಲೂ ಬಿಟ್ಟಿಲ್ಲ, ಅಂದರೆ ಅಲ್ಲಿಯ ಹೊಗೆಯಿಂದ ಹದ ಓದುವ ಮೀಟರು ಸುಳ್ಳು ಹೇಳುತ್ತಿಲ್ಲ. ಲಾರಿ ಗೇಟಿನ ಹೊರಗೆ ಬಂದು ನಿಂತು ಹಾರ್ನ್ ಹೊಡೆಯುತ್ತದೆ. ಬಿಸಿಲು ಏರುತ್ತಿದೆ, ಆಡುಗಳ ಕೂಗು ಕೇಳಿಸುತ್ತಿದೆ. ಸಿದ್ದಲಿಂಗೇಶ ಬಾನೆಟ್ಟಿನ ಸುತ್ತ ತಿರುಗುತ್ತಲೇ ಇದ್ದಾರೆ. ನಾನೂ ಗಳಿಗೆಗೊಮ್ಮೆ ಗೇಟಿನತ್ತ ತಿರುಗಿ ನೋಡುತ್ತಿದ್ದೇನೆ. ನನ್ನದಲ್ಲದ ಕಾರಿಗೆ ನಾನೇಕೆ ಇಷ್ಟು ಹೆದರಬೇಕೋ ಗೊತ್ತಿಲ್ಲ. ಆಗ ಏರ್ ಫಿಲ್ಟರಿನ ಡಬ್ಬಿಯೊಳಗೆ ಬೆರಳಾಡಿಸಿದ ತರನ್ನುಮ, ಆ ಬೆರಳನ್ನು ಬೆಳಕಿಗೆ ಹಿಡಿಯುತ್ತಾರೆ. ಎಣ್ಣೆ ಮಿರುಗುತ್ತಿದೆ.

"ತಮ್ಮಾ, ಇದಕ್ಕ ಯಾರ ಕೈ ಹಚ್ಯಾರ?"

ಸಿದ್ದಲಿಂಗೇಶ ತಿರುಗುವುದನ್ನು ನಿಲ್ಲಿಸುತ್ತಾರೆ. "ನಾನ ಅಕ್ಕಾರ. ಟ್ರ್ಯಾಕಿನ್ಯಾಗ ಧೂಳ ಭಾಳ ಇರತೈತಿ ಅಂತ ಯಾರೋ ಅಂದ್ರು. ಟ್ರ್ಯಾಕ್ಟರಿಗೆ ಹಾಕೂ ಹಂಗ, ನಿನ್ನೆ ಸಂಜಿಗೆ ಫಿಲ್ಟರಿಗೆ ಎಣ್ಣಿ ಹಾಕೀನ್ರಿ. ಚಲೋ ಆಗ್ಲಿ ಅಂತ ಜರಾ ಜಾಸ್ತೀನ ಹಾಕಿದೆ."

ಈ ಕಡೆಯ ಟ್ರ್ಯಾಕ್ಟರ್ ಕಂಡವರಿಗೆ ಇದು ಹೊಸತಲ್ಲ. ಹಳೆಯ ಟ್ರ್ಯಾಕ್ಟರಿನ ಏರ್ ಕ್ಲೀನರಿನ ತಳದಲ್ಲಿ ಎಣ್ಣೆ ತುಂಬಿರುತ್ತದೆ, ಹೊಲದ ಧೂಳನ್ನು ಅದೇ ಹಿಡಿಯುತ್ತದೆ. ಎಣ್ಣೆ ಹಾಕುವುದೆಂದರೆ ಎಂಜಿನ್ ಮೇಲೆ ಅಕ್ಕರೆ ತೋರಿಸುವುದು. ಆದರೆ ಈ ಕಾರಿನಲ್ಲಿ ಫಿಲ್ಟರಿನ ಹಿಂದೆ ಕೂದಲೆಳೆಯಂಥ ಬಿಸಿ ತಂತಿಯೊಂದಿದೆ. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಅದು. ಅದರ ಮೇಲೆ ಎಣ್ಣೆ ಕೂತರೆ ಬಂದ ಗಾಳಿಯನ್ನು ಕಡಿಮೆ ಎಂದು ಲೆಕ್ಕ ಕೊಡುತ್ತದೆ. ಲೆಕ್ಕ ನಂಬಿದ ಎಂಜಿನ್ ಪೆಟ್ರೋಲನ್ನೂ ಕಡಿಮೆ ಎರೆಯುತ್ತದೆ. ಇವತ್ತು ಒಂದು ಒತ್ತು ಒತ್ತಿ ಕಳಿಸಿದ್ದರೆ, ಟ್ರ್ಯಾಕಿನ ಧೂಳೂ ಆ ಎಣ್ಣೆಗೆ ಮೆತ್ತಿಕೊಂಡು ಸೊಲ್ಲಾಪುರದ ಕಥೆಯೇ ಮತ್ತೆ ನಡೆಯುತ್ತಿತ್ತು.

ತರನ್ನುಮ ಬೈಯುವುದಿಲ್ಲ. ಬೈದಿದ್ದರೆ ಆ ಮನುಷ್ಯ ಸ್ವಲ್ಪ ಹಗುರಾಗುತ್ತಿದ್ದರೇನೋ. ಸೆನ್ಸರ್ ಬಿಚ್ಚಿ, ಸ್ಪ್ರೇ ಹೊಡೆದು ತೊಳೆದು, ಕೈ ತಾಗಿಸದೆ ಗಾಳಿಗೆ ಹಿಡಿದು ಒಣಗಿಸುತ್ತಾರೆ. ಎಣ್ಣೆಯ ಫಿಲ್ಟರ್ ತೆಗೆದು ಡಿಕ್ಕಿಯಲ್ಲಿದ್ದ ಒಣ ಕಾಗದದ ಫಿಲ್ಟರ್ ಕೂರಿಸುತ್ತಾರೆ. ಪೆಟ್ರೋಲಿನ ಲೆಕ್ಕಕ್ಕೆ ಕೈ ಹಚ್ಚುವುದೇ ಇಲ್ಲ. ಊಹೆ ಸರಿಯಿದ್ದರೆ ಹೋದ ವಾರದ ಹದ ತಾನಾಗಿಯೇ ತಿರುಗಿ ಬರಬೇಕು. ಬರದಿದ್ದರೆ ಲಾರಿ ಖಾಲಿ ಹೋಗಬೇಕೆಂದು ಸಿದ್ದಲಿಂಗೇಶರಿಗೆ ಮೊದಲೇ ಹೇಳುತ್ತಾರೆ. ಅವರು ತಲೆಯಾಡಿಸಿ ಹೆಲ್ಮೆಟ್ ಹಾಕಿಕೊಳ್ಳುತ್ತಾರೆ.

ನಾನು ಮತ್ತೆ ಬೇವಿನ ಮರದ ಕೆಳಗೆ. ಅಮೋಘಿ ಆಡುಗಳನ್ನು ಆಚೆ ಅಟ್ಟಿ, ಕಂಬಳಿ ಹೆಗಲಿಗೇರಿಸಿ ನಿಂತಿದ್ದಾರೆ. ಸದ್ದು ಬರುತ್ತದೆ, ಬೆಳೆಯುತ್ತದೆ. ಹಿಂದಿನ ಸಲ ಇಳಿದ ಜಾಗ ಬರುತ್ತದೆ. ಸದ್ದು ಇಳಿಯುವುದಿಲ್ಲ. ಲೇಔಟಿನ ಕೊನೆಯ ಕಂಬದವರೆಗೆ ಒಂದೇ ಸಮನೆ ಹೋಗಿ, ಅಲ್ಲಿ ತಾನಾಗಿ ತಣ್ಣಗಾಗುತ್ತದೆ.

ಗೇಟಿನ ಬಳಿ ಪ್ಲಗ್ ಬಿಚ್ಚಿ ನೋಡಿ ತರನ್ನುಮ ಮೊದಲು ತಂದೆಗೆ ಫೋನು ಮಾಡುತ್ತಾರೆ. ಅಬ್ದುಲಸಮದರಿಗೆ ಮೀಟರಿನ ಗೆರೆ ಬೇಕಿಲ್ಲ. ಪ್ಲಗ್ಗಿನ ಬಣ್ಣ ಯಾವುದು ಎಂದಷ್ಟೇ ಕೇಳುತ್ತಾರೆ.

"ಬಾದಾಮಿ, ಅಬ್ಬಾ."

ಹದ ಕೂತ ಎಂಜಿನ್ನಿನ ಬಣ್ಣ ಅದು, ಅಷ್ಟು ಸಾಕು. ಸಿದ್ದಲಿಂಗೇಶ ಲಾರಿಯವನಿಗೆ ಕೈಮಾಡುತ್ತಾರೆ. ಕಾರು ಹಲಗೆ ಏರುವಾಗ ಅವರ ಕಣ್ಣು ತುಂಬಿರುವುದನ್ನು ನಾವು ಯಾರೂ ನೋಡಿಲ್ಲ ಎಂಬಂತೆ ಇದ್ದೇವೆ.

ಲಾರಿ ಹೋದ ಮೇಲೆ ತರನ್ನುಮ ವೈರು ಸುತ್ತುತ್ತಾ ಕೂರುತ್ತಾರೆ. ಈ ರಸ್ತೆಯಲ್ಲಿ ಇಷ್ಟು ವರ್ಷ ಓಡಾಡಿದ್ದೀರಿ, ಒಮ್ಮೆಯೂ ಹೊರಗೆ ನೋಡಬೇಕು ಅನಿಸಿಲ್ಲವೇ ಎಂದು ನಾನು ಕೇಳುತ್ತೇನೆ. ಅವರು ನಗುತ್ತಾರೆ.

"ಇವತ್ತ ನೋಡಿದೆ. ಹನ್ನೆರಡೂವರಿಗೆ ನಿಂತ್ಕೊಂಡ ಬಿಡ್ತು, ಅಲುಗಾಡ್ಲಿಲ್ಲ. ಆವಾಗ ತಲಿ ಎತ್ತಿದೆ. ಅಲ್ಲೊಂದ ಬೇವಿನ ಗಿಡ ಐತಿ. ಅಮೋಘಿ ಕಾಕಾ ಕೈ ಎತ್ತಿದ. ನೀವ ಎರಡೂ ಕಿವಿ ಮುಚ್ಚಿಕೊಂಡ ನಿಂತಿದ್ರಿ."